ಮನೆ ತುಂಬಿಸುವುದು

ಸಾಯನ್ ಸರ್ಕಲ್ಲಿನ ಪ್ರಭಾ ಟಾಕೀಸಿನ
ಕಿಂಡಿಯ ಹಿಂದೆ ಇಪ್ಪತ್ತಾರು ವರ್ಷ ಕೂತವ ನಾನು,
ಮೂಲ್ಕಿಯ ದೂಮಣ್ಣ ಸಾಲಿಯಾನ.
ಜನರ ಮುಖ ನನಗೆ ಗೊತ್ತಿಲ್ಲ,
ಕೈ ಗೊತ್ತು:
ಚಿಲ್ಲರೆ ಎಣಿಸುವ ಕೈ, ಬೆವರಿದ ಕೈ,
ಒಂದೇ ನೋಟನ್ನು ಇಬ್ಬರು ಹಿಡಿದು ತೂರಿಸುವ
ಹೊಸ ಮದುವೆಯ ಕೈ.

ಶುಕ್ರವಾರ ಬಂತು ದೊಡ್ಡ ಚಿತ್ರ.
ಸುಲ್ತಾನನ ಮಗಳು, ಕುದುರೆ ಮಾರುವವನ ಮಗ,
ನಡುವೆ ಒಂದು ಕೋಟೆ, ಎರಡು ಯುದ್ಧ, ಐದು ಹಾಡು.
ಇನ್ನೂರ ನಲವತ್ತು ಕೋಟಿ ಸುರಿದರಂತೆ.
ಕೋಟೆಗೆ ಬಣ್ಣ ಬಳಿದ ನಮ್ಮ ಚಾಳಿನ ಹುಡುಗ ಹೇಳಿದ:
'ಬರೀ ಪ್ಲೈವುಡ್ಡು ಮಾಮ, ಆನೆ ಒರಗಿದರೆ ಬೀಳ್ತದೆ.
ಅದಕ್ಕೇ ಆನೆಯನ್ನು ಕಂಪ್ಯೂಟರಿನಲ್ಲಿ ಸಾಕಿದರು.'

ಶನಿವಾರ ಭರ್ತಿ. ಭಾನುವಾರ ಬ್ಲ್ಯಾಕಿನವನೂ ನಕ್ಕ.
ಆದರೆ ಚಿತ್ರದ ಜಾತಕ ತೆರೆಯುವುದು ಸೋಮವಾರ,
ನೆಂಟರೆಲ್ಲ ಎದ್ದು ಹೋದ ಮೇಲೆ
ಮನೆಯಲ್ಲಿ ಉಳಿದವರು ಯಾರು ಎಂದು.
ಸೋಮವಾರ ಮ್ಯಾಟಿನಿಗೆ ಹನ್ನೊಂದು ಜನ.
ನಾಲ್ವರು ಏಸಿಗೆ ಬಂದವರು,
ಇಬ್ಬರು ಕತ್ತಲೆಗೆ.

ಮಂಗಳವಾರ ಅಂಧೇರಿಯಿಂದ ಫೋನು.
ಗುರುವಾರದವರೆಗೆ ಎಲ್ಲ ಸೀಟೂ ನಮ್ಮವೇ, ಬರೆದುಕೊಳ್ಳಿ.
ಹಣ ಬಂತು.
ಜನ ಬರಲಿಲ್ಲ.
ಏಳುನೂರ ಹದಿನೆಂಟು ಟಿಕೆಟು ನಾನೇ ಹರಿದೆ,
ಅರ್ಧ ಡಬ್ಬಿಗೆ, ಅರ್ಧ ಗಾಳಿಗೆ.
ಹೌಸ್‌ಫುಲ್ ಬೋರ್ಡಿನ ಧೂಳು ಒರೆಸಿ ತೂಗಿಸಿದೆ.
ಮರುದಿನದ ಪತ್ರಿಕೆಯಲ್ಲಿ
ಪ್ರೇಮ ನೂರು ಕೋಟಿ ದಾಟಿತ್ತು.

ಒಳಗೆ ಇಣುಕಿದೆ ಒಮ್ಮೆ.
ನೀನಿಲ್ಲದೆ ಉಸಿರಿಲ್ಲ ಎಂದು
ಕುದುರೆಯವನ ಮಗ ಖಾಲಿ ಕುರ್ಚಿಗಳ ಮುಂದೆ ಮಂಡಿಯೂರಿದ್ದ.
ಕುರ್ಚಿಗಳು ಮಡಚಿ ಕೂತಿದ್ದವು,
ಹೆಣ್ಣು ನೋಡಲು ಬಂದು ಏನೂ ಹೇಳದ ಬೀಗರ ಹಾಗೆ.

ನಮ್ಮಲ್ಲಿ ಮನೆ ತುಂಬಿಸುವುದು ಎಂದರೆ ಬೇರೆ.
ಹೊಸ್ತಿಲ ಮೇಲೆ ಅಕ್ಕಿಯ ಸೇರು,
ಬಲಗಾಲಿನಲ್ಲಿ ಒದ್ದು ಒಳಗೆ ಬರಬೇಕು ಒಬ್ಬಳು.
ಒಬ್ಬಳು ಸಾಕು.

ಬುಧವಾರ ಮೂರಕ್ಕೆ ಹತ್ತು ನಿಮಿಷ.
ನಾನು ಕೌಂಟರ್‌ಫೈಲು ಎಣಿಸುತ್ತಿದ್ದೆ,
ಊರು ಬಿಟ್ಟರೂ ಎಣಿಕೆ ಬಿಡುವುದಿಲ್ಲ ನೋಡಿ,
ಅರುವತ್ತೊಂದು, ಅರುವತ್ತೆರಡು.
ಕಿಂಡಿಯಲ್ಲಿ ಒಂದು ಕೈ.
ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕಿ.
'ಕನ್ನಡದಾಗ ಎಣಸ್ತೀರಲ್ರೀ! ಒಂದ್ ಟಿಕೀಟ್ ಕೊಡ್ರಿ.'
ಫುಲ್ಲಾಗಿದೆ ಅಮ್ಮಾ, ಎಂದೆ.
'ಖರೇನ? ಇಷ್ಟು ಮಂದಿ ನೋಡಾಕ್ಹತ್ಯಾರ?'
ಆ ಕೈಗೆ ಖುಷಿಯಾಯಿತು, ನನಗೆ ಕಂಡಿತು.

ಶಹಾಬಾದಿನ ಖೈರುನ್ಬಿ. ಈಗ ಧಾರಾವಿ,
ತೊಗಲಿನ ಗೋದಾಮಿನ ಅಟ್ಟ, ಒಂದು ಟ್ಯೂಬ್‌ಲೈಟು.
'ಶಹಜಾದಿ ರಾತ್ರಿ ಕೋಟಿ ಬಿಟ್ಟು ಓಡ್ತಾಳಲ್ರೀ,
ಆ ಓಢಣಿ ಅಂಚು ನಂದು.
ಹತ್ತೊಂಬತ್ತು ದಿನ ಹಿಡೀತು.'
ದಿನಕ್ಕೆ ಎಷ್ಟು ಕೊಟ್ಟರು, ಕೇಳಿದೆ.
ಬಾಲ್ಕನಿ ಟಿಕೆಟಿಗಿಂತ ಮೂವತ್ತು ರೂಪಾಯಿ ಜಾಸ್ತಿ.

ಪಕ್ಕದ ಬಾಗಿಲು ತೆರೆದೆ.
ಚಪ್ಪಲಿ ಬಿಟ್ಟು ಒಳಗೆ ಹೋದಳು, ಬಲಗಾಲೋ ಎಡಗಾಲೋ
ನೋಡಲಿಲ್ಲ, ಕತ್ತಲೆಯಿತ್ತು.

ಎರಡೂ ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಳು.
ಕುರ್ಚಿ ಖಾಲಿಯಿದ್ದುದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.
'ನಾಕ್ ಸೆಕೆಂಡ್ ತೋರಿಸ್ಯಾರ್ರೀ, ಅದೂ ಕುದುರಿ ಧೂಳದಾಗ.
ಎಡಕ್ಕ ಮೂರನೇ ಹೂವಿಗೆ ಒಂದ್ ಮುತ್ತು ಕಮ್ಮಿ ಬಿದ್ದಿತ್ತು,
ಆವತ್ತ ಕರೆಂಟ್ ಹೋಗಿತ್ತು.
ಯಾರಿಗೂ ಕಂಡಿಲ್ಲ ಬಿಡ್ರಿ.'
ಇಲ್ಲಮ್ಮ, ಯಾರಿಗೂ ಕಂಡಿಲ್ಲ, ಎಂದೆ.
ಅಷ್ಟು ನಿಜವನ್ನು ಆ ವಾರ ನಾನು ಬೇರೆಲ್ಲೂ ಹೇಳಿರಲಿಲ್ಲ.

ರಾತ್ರಿ ವಹಿ ಬಿಡಿಸಿ
ಏಳುನೂರ ಹದಿನೆಂಟು ಎಂದು ಬರೆದೆ, ತೆರಿಗೆ ಕಳೆದೆ,
ವಿತರಕನ ಹುಡುಗನಿಂದ ಸಹಿ ಹಾಕಿಸಿದೆ.
ಅವನು ಹೋದ ಮೇಲೆ ಅಂಚಿನಲ್ಲಿ
ಪೆನ್ನು ಒತ್ತಿ ಒಂದು ಚುಕ್ಕಿ ಇಟ್ಟೆ, ಮುತ್ತಿನಷ್ಟು.

ಆಡಿಟರು ಕೇಳಿದರೆ
ಶಾಯಿ ಸೋರಿತು ಎನ್ನುತ್ತೇನೆ.