ಮಂಗಳವಾರದ ಕೆರೆ

ಮಂಗಳವಾರ ಕತ್ತರಿಗೆ ರಜ.
ಷಟರ್ ಎಳೆದು ಟಿವಿಎಸ್ ಹತ್ತಿ
ದುದ್ದದ ದಾರಿಯಲ್ಲಿ ಹೆಸರಿಲ್ಲದ ಒಂದು ಕಟ್ಟೆಗೆ ಹೋದೆ.
ಪ್ಯಾಂಟು ಮಂಡಿಗೆ ಮಡಚಿ ಕೆಸರಿಗಿಳಿದವನನ್ನು
ಎಮ್ಮೆ ತೊಳೆಯುತ್ತಿದ್ದವಳು ಕೇಳಿದಳು:
‘ಏನ್ ಕಳ್ಕಂಡ್ರಿ?’

ಕಳೆದದ್ದೇನೂ ಇಲ್ಲ ತಾಯಿ.
ಅಂಗಡಿಯಲ್ಲೊಂದು ಗಾಜಿನ ತೊಟ್ಟಿ,
ಗಡ್ಡಕ್ಕೆ ಕಾಯುವವರು ಪೇಪರು ಮುಗಿದ ಮೇಲೆ
ಅದರಲ್ಲಿ ಮೀನು ನೋಡುತ್ತಾರೆ.
ಮೀನಿನ ಸುತ್ತ ಪ್ಲಾಸ್ಟಿಕ್ಕಿನ ಹಸಿರು,
ತಿಂಗಳಿಗೊಮ್ಮೆ ಬಾಚಣಿಗೆಗಳ ಜೊತೆ
ಬ್ರಷ್ಷಿನಲ್ಲಿ ಉಜ್ಜುವ ಹಸಿರು.
ಅದಕ್ಕೇ ಬಂದೆ.

ಅವಳು ನಕ್ಕಳೋ ಎಮ್ಮೆ ಸೀನಿತೋ ತಿಳಿಯಲಿಲ್ಲ.
‘ತಗಂಡೋಗಿ, ಈ ಕಸ ಯಾರ್ ಕೇಳ್ತಾರೆ.’

ಅಂತರಗಂಗೆ ಐದು.
ರಿಬ್ಬನ್ನಿನಂಥ ನೀರುಹುಲ್ಲು ಒಂದು ಹಿಡಿ.
ಬುಡ ಸಮೇತ ಕಿತ್ತ ಜೊಂಡಿನ ಎರಡು ಕಡ್ಡಿ.
ಮತ್ತೆ ಅದೊಂದು, ಹೆಸರು ಗೊತ್ತಿಲ್ಲದ್ದು,
ಬೇರೂ ಇಲ್ಲದೆ ನೀರೊಳಗೇ ಬೆಳೆದ ಜಡೆ.
ಇಪ್ಪತ್ತಾರು ವರ್ಷ ಕೂದಲು ಹಿಡಿದ ಕೈ
ಎಳೆಯಲು ಹೋಗಿ ಸುಮ್ಮನಾಯಿತು,
ಮೊದಲು ಸಿಕ್ಕು ಬಿಡಿಸಿತು.

ಮೀನು ಮಾರುವ ಜಬಿ ಹೇಳಿದ್ದ:
‘ಕೆರೆ ಒಂಟಿಯಾಗಿ ಬರಲ್ಲ ಅಣ್ಣ.
ಪಟಿಕದ ನೀರಲ್ಲಿ ಅದ್ದಿ,
ಹದಿನೈದು ದಿನ ಬಕೆಟ್ಟಲ್ಲಿ ಬೇರೆ ಇಡಿ.’
ಪಟಿಕಕ್ಕೇನು ಬರ,
ಎಷ್ಟು ಕೆನ್ನೆಗಳ ರಕ್ತ ನಿಲ್ಲಿಸಿದ ಕಲ್ಲು.
ಹದಿನೈದು ದಿನವನ್ನು ಮಾತ್ರ
ಹದಿನೈದು ನಿಮಿಷ ಮಾಡಿದೆ.
ಕಾಯಿಸುವುದು ನನ್ನ ಕಸುಬು,
ಕಾಯುವುದಲ್ಲ.

ಬುಧವಾರದಿಂದ ಅಂಗಡಿಯ ಬೆಳಕೇ ಬೇರೆ.
ಸರ್ವೆಯಲ್ಲಿ ರಿಟೈರಾದ ಜವರಪ್ಪನವರ ಕುತ್ತಿಗೆ
ನಾನು ಎಷ್ಟು ಸಲ ನೆಟ್ಟಗೆ ಕೂರಿಸಿದರೂ
ತೊಟ್ಟಿಯ ಕಡೆಗೇ ವಾಲುತ್ತಿತ್ತು.
ಬಲಗಿವಿಗೆ ಕತ್ತರಿ ತಾಗಿತು.
ಮತ್ತೆ ಪಟಿಕ.
‘ಇರಲಿ ಬಿಡಯ್ಯ’ ಎಂದರು, ಕಣ್ಣು ತಿರುಗಿಸದೆ.

ಎಂಟು ಮೀನು ಏಳಾಯಿತು.
ಆಮೇಲೆ ಐದು.
ಗಿರಾಕಿಗೊಂದು ತೀರ್ಪು:
ಬೆಕ್ಕು ಅಂದರು, ಕರೆಂಟು ಅಂದರು,
ನಲ್ಲಿ ನೀರಿನ ಕ್ಲೋರಿನ್ ಅಂದರು.
ಗಿಡದ ಜೊತೆ ಬಂದಿದ್ದ ಬಸವನಹುಳುವನ್ನು
ಎತ್ತಿ ಚರಂಡಿಗೆ ಹಾಕಿದೆ.
ಗಾಜು ನೆಕ್ಕಿ ಬದುಕುತ್ತಿದ್ದ ಪ್ರಾಣಿ.
ಮಾರನೆ ದಿನ ನಾಲ್ಕು, ವಾರ ಮುಗಿಯುವಷ್ಟರಲ್ಲಿ ಮೂರು.

ಮೂರನೇ ಬುಧವಾರ ಷಟರ್ ಎತ್ತಿದರೆ
ನೀರಿನಿಂದ ಮೇಲೆದ್ದ ಜೊಂಡಿನ ತುದಿಗೆ
ಬೆನ್ನು ಸೀಳಿದ ಒಂದು ಒಣ ಸಿಪ್ಪೆ,
ಗಿರಾಕಿ ಎದ್ದು ಹೋದ ಮೇಲೆ
ಕುರ್ಚಿಯಲ್ಲಿ ಉಳಿದ ಬಟ್ಟೆಯಂತೆ.
ಕುರ್ಚಿಯಿಂದ ಎದ್ದದ್ದು
ಕನ್ನಡಿಯ ಮೇಲೆ ಕೂತಿತ್ತು,
ರೆಕ್ಕೆ ಇನ್ನೂ ಒದ್ದೆ.
ಏರೋಪ್ಲೇನ್ ಚಿಟ್ಟೆ.

ಐದು ಮೀನು ತಿಂದು
ಎರಡು ಜೊತೆ ರೆಕ್ಕೆ ಮಾಡಿಕೊಂಡಿದೆ.

ಎದುರು ಬದುರು ಕನ್ನಡಿ.
ಒಂದು ಹುಳದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು,
ಹಸಿರಾಗುತ್ತಾ ಹೋಗುವ ಗಾಜಿನ ಆಳದಲ್ಲಿ
ಒಂದು ಕಟ್ಟೆಯಷ್ಟು.
ಅವುಗಳ ನಡುವೆ ಟವೆಲ್ ಹಿಡಿದು ನಿಂತ
ಅಷ್ಟೇ ಜನ ನಾನು.
ಹೊಡೆಯಲಿಲ್ಲ.
ಫ್ಯಾನಿನ ಸ್ವಿಚ್ಚಿನ ಮೇಲಿದ್ದ ಕೈಯನ್ನೂ ತೆಗೆದೆ.
ಆ ಬೆಳಗಿನ ಮೂರು ಗಡ್ಡ ಬೆವರಿಕೊಂಡೇ ಹೋದವು.

ಮಧ್ಯಾಹ್ನ ಅದು ಹೊರಟಿತು,
ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆಗೆ.
ಹೆಸರಲ್ಲಿ ಕೆರೆ,
ಕೆಳಗೆ ಕೋಸು, ಬದನೆ, ಆಟೋ.
ಬಾಗಿಲಲ್ಲೇ ನಿಂತು ನೋಡಿದೆ:
ಈರುಳ್ಳಿ ದ್ಯಾವಮ್ಮನ ನೀಲಿ ಟಾರ್ಪಾಲಿನ ಮೇಲೆ
ಬಗ್ಗಿ ಬಾಲ ತಾಗಿಸಿತು.
ಎದ್ದಿತು. ಇನ್ನೊಮ್ಮೆ ತಾಗಿಸಿತು.

‘ಇಷ್ಟು ಕೆಳಗೆ ಹಾರ್ತದಲ್ಲ, ಮಳೆ ಬತ್ತದೆ’
ಎಂದು ದ್ಯಾವಮ್ಮ
ಮೂಟೆಗಳನ್ನು ಒಳಕ್ಕೆ ಎಳೆಯತೊಡಗಿದಳು.