ಐದು ಸಲ ಎಂತಕ್ಕೆ

ಹೊಸನಗರದ ತಾಲ್ಲೂಕು ಆಸ್ಪತ್ರೆ, ಪುಷ್ಯದ ಚಳಿ.
ಹೆರಿಗೆ ಕೋಣೆಯಲ್ಲಿ ಹುಟ್ಟಿದ ಕೂಸು
ಹನ್ನೆರಡು ಹೆಜ್ಜೆ ಆಚೆಯ ವಾರ್ಡು ಸೇರುವಷ್ಟರಲ್ಲಿ
ತಣ್ಣಗಾಗುತ್ತಿತ್ತು.
ಪಾದ ಮುಟ್ಟಿದರೆ, ರಾತ್ರಿಯಿಡೀ ಅಂಗಳದಲ್ಲಿ ಉಳಿದ ತಂಬಿಗೆ.

ಬೈದೆವು, ಚಳಿಯನ್ನು, ಕಿಟಕಿಯ ಚಿಲಕವನ್ನು,
ಹಗಲಿನವರು ರಾತ್ರಿಯವರನ್ನು,
ರಾತ್ರಿಯವರು ಹಗಲಿನವರನ್ನು.

ಡಾಕ್ಟರ್ ನಫೀಸಾ ಶಿವಮೊಗ್ಗದಲ್ಲಿ ತರಬೇತಿ ಮುಗಿಸಿ
ಕೊನೇ ಬಸ್ಸಿಗೆ ಬಂದಿಳಿದರು, ಕಂಕುಳಲ್ಲಿ ಒಂದು ಸುರುಳಿ.
ಬಿಚ್ಚಿದರೆ ಮೀನಿನ ಅಸ್ಥಿಪಂಜರ.
"ಮೀನು ತಿಂದೋರು ಯಾರು ಮೇಡಂ,
ನಮಗೆ ಬರೀ ಮುಳ್ಳು ತಂದಿದೀರಿ" ಎಂದಳು ಆಯಾ ಗಿಡ್ಡಮ್ಮ,
ನೆಲ ಒರೆಸುವ ಕೋಲಿಗೆ ಗದ್ದವೂರಿ.
ಮೇಡಂ ಮೀನಿನ ತಲೆಯಲ್ಲಿ ಬರೆದರು: ತಣ್ಣನೆಯ ಕೂಸು.
ಒಂದೊಂದು ಮುಳ್ಳಿಗೆ ಒಂದೊಂದು ಕಾರಣ. ಷರತ್ತು ಒಂದೇ:
ಯಾವ ಮುಳ್ಳಿನ ಮೇಲೂ ಮನುಷ್ಯರ ಹೆಸರು ಬರಕೂಡದು.

ಬಹಳ ಹೊತ್ತು ಸುಮ್ಮನಿದ್ದೆವು.
ನಮಗೆ ಗೊತ್ತಿದ್ದ ಕಾರಣಗಳಿಗೆಲ್ಲ
ಹೆಸರೂ ಇತ್ತು, ಇನಿಷಿಯಲ್ಲೂ ಇತ್ತು.

ಕೂಸು ತಣ್ಣಗಾಯಿತು. ಎಂತಕ್ಕೆ?
ಒದ್ದೆ ಬಟ್ಟೆಯಲ್ಲೇ ಉಳಿಯಿತು.
ಎಂತಕ್ಕೆ? ಒಣ ಟವೆಲ್ ಕೈಗೆ ಸಿಗಲಿಲ್ಲ.
ಎಂತಕ್ಕೆ? ಬೀರುವಿಗೆ ಬೀಗ.
ಎಂತಕ್ಕೆ? ಬೀಗದ ಕೈ ಸ್ಟೋರ್ ಹಾಲೇಶಪ್ಪನ ಜೇಬಲ್ಲಿ,
ಹಾಲೇಶಪ್ಪ ಆರಕ್ಕೆಲ್ಲ ಬಟ್ಟೆಮಲ್ಲಪ್ಪದ ಮನೆಯಲ್ಲಿ.
(ಹೆಸರು ಬಂದೇಬಿಟ್ಟಿತು.)
ಎಂತಕ್ಕೆ?
ಐದನೆಯದಕ್ಕೆ ಹಾಲೇಶಪ್ಪನೇ ಎದ್ದು ನಿಂತ.
"ಹೋದ ಆಡಿಟ್ಟಲ್ಲಿ ನಾಲ್ಕು ಟವೆಲ್ ಕಮ್ಮಿ ಬಿತ್ತು,
ನನ್ನ ಸಂಬಳದಲ್ಲಿ ಹಿಡಿದರು.
ಆವತ್ತು ನೀವ್ಯಾರೂ ಕೇಳಲಿಲ್ಲ, ಎಂತಕ್ಕೆ ಅಂತ."

ಫ್ಯಾನು ಮಾತ್ರ ತಿರುಗುತ್ತಿತ್ತು.
ಮೇಡಂ ಎದ್ದು ಅದನ್ನೂ ಆರಿಸಿದರು.

ಗೋಡೆಗೆ ಒಂದು ಮೊಳೆ ಹೊಡೆದೆವು, ಕೈ ನೇತುಹಾಕಲು. ಅಷ್ಟೇ.
"ಒಂದು ವಾರ, ರಾತ್ರಿ ಪಾಳಿಗೆ ಮಾತ್ರ.
ಆಗದಿದ್ದರೆ ಮೊಳೆ ಕೀಳೋಣ."
ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೆರೆ, ಮೂವತ್ತಾರೂವರೆಯಲ್ಲಿ;
ಹುಟ್ಟಿದ ಕೂಸಿಗೊಂದು ಚುಕ್ಕೆ.
"ಚುಕ್ಕಿ ಇಡೋದೇ ಆಯ್ತು, ರಂಗೋಲಿ ಯಾವಾಗ?"
ಗಿಡ್ಡಮ್ಮನ ಗೊಣಗಾಟ. ಆದರೂ ದಿನಾ ಎಣಿಸುವವಳು ಅವಳೇ.
ಚುಕ್ಕೆಗಳು ಗೆರೆ ದಾಟಿದವು, ಹಿಂಜರಿದು, ಜಾರಿ, ಮತ್ತೆ ದಾಟಿ.
ಹತ್ತೊಂಬತ್ತು, ಒಂದರ ಹಿಂದೊಂದು, ಗೆರೆಯ ಮೇಲೆ.

ಆಮೇಲೆ ಆ ರಾತ್ರಿ.
ಎರಡೂ ನಲವತ್ತಕ್ಕೆ ಎರಡು ಹೆರಿಗೆ, ನಾನೊಬ್ಬಳೇ ಸಿಸ್ಟರ್.
ಬಿಸಿ ಮಾಡಿಟ್ಟ ಟವೆಲ್ ಒಂದೇ.
ಎರಡನೆಯ ಕೂಸು, ನಿಟ್ಟೂರಿನ ಸುಗುಣಳ ಮಗಳು,
ಮೂವತ್ತೈದು ಪಾಯಿಂಟ್ ಎರಡು.
ತಾಯಿಯ ಎದೆಗೆ ಬರಿಮೈ ಒತ್ತಿಸಿ, ಮೇಲೆ ನನ್ನ ಸ್ವೆಟರ್ ಹೊದಿಸಿ
ಕೂತೆ.
ನಸುಕಿಗೆ ಮೂವತ್ತಾರು ಪಾಯಿಂಟ್ ಏಳು.

ಆರೂವರೆಗೆ ಪೆನ್ಸಿಲ್ ಹಿಡಿದು ಗೋಡೆಯೆದುರು ನಿಂತೆ.
ಮುಂದಿನ ವಾರ ಜಿಲ್ಲೆಯಿಂದ ನೋಡಲು ಬರುತ್ತಾರೆ.
ನಸುಕಿನ ಅಂಕಿ ಬರೆದರೆ ಅದೂ ಸುಳ್ಳಲ್ಲ,
ಸಮಯವೊಂದನ್ನು ಬಿಟ್ಟರೆ.
ಪೆನ್ಸಿಲ್ ಗೆರೆಯ ಮೇಲೆ ಸ್ವಲ್ಪ ಹೊತ್ತು ಆಡಿತು.
ಕೆಳಗಿಟ್ಟೆ. ಎಲ್ಲಕ್ಕಿಂತ ಕೆಳಗೆ.

ಮೀಟಿಂಗಿಗೆ ಉತ್ತರ ಕಲಿತು ಹೋಗಿದ್ದೆ,
ಯಾರು ಡ್ಯೂಟಿ ಎಂಬ ಪ್ರಶ್ನೆಗೆ.
ಅದು ಬರಲೇ ಇಲ್ಲ.
ಮೂಲೆಯಿಂದ ಹಾಲೇಶಪ್ಪ ಕೇಳಿದ: "ಎಂತಕ್ಕೆ?"
ಮಾರನೇ ದಿನ ಮೊಳೆಯ ಪಕ್ಕ ಇನ್ನೊಂದು ಮೊಳೆ,
ಅದರಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಮೂರು ಟವೆಲ್,
ಒಂದು ಥರ್ಮಾಮೀಟರ್, ಅವನ ಸಹಿಯ ಚೀಟಿ.

ಹತ್ತನೇ ವಾರದ ಚುಚ್ಚುಮದ್ದಿಗೆ ಸುಗುಣ ಬಂದಳು.
ಗೋಡೆ ನೋಡಿ, ಇದೇನಕ್ಕಾ, ಜಾತಕವಾ ಎಂದಳು.
ತೋರಿಸಿದೆ. ಇವಳು, ನಿನ್ನ ಮಗಳು.
"ಅಯ್ಯೋ, ಇಷ್ಟು ಕೆಳಗೆ ಇದ್ಲಾ?"
ಕೂಸಿನ ಬೆರಳು ಹಿಡಿದು ಆ ಚುಕ್ಕೆಗೆ ಮುಟ್ಟಿಸಿದಳು.
ಬಿಸಿ ಬೆರಳು.
ತುದಿಗೆ ಸ್ವಲ್ಪ ಪೆನ್ಸಿಲ್ ಕಪ್ಪು ಅಂಟಿತು.