ಮಗ್ಗುಲಿಗೆ ಒಂದು ಹೆಜ್ಜೆ

ಸೊಲ್ಲಾಪುರದ ನವೀ ಪೇಠ, ಹಿಂದಿನ ಸಂದಿ,
ಕೈಸರ್ ಬಾಗವಾನನ ಅಂಗಡಿ. ಮುಂದೆ ಲಿಂಬೂ ಸೋಡಾ,
ಪರದೆ ಸರಿಸಿದರೆ ಒಳಗೆ ಆರು ಯಂತ್ರ.
ಚಿಲ್ಲರೆ ಕೊಡುವವನು ನಾನು, ಹದಿನಾಲ್ಕು ವರ್ಷ.
ಎರಡು ರೂಪಾಯಿಗೆ ಒಂದು ಹಿತ್ತಾಳೆ ಬಿಲ್ಲೆ.

ಆರನೆಯದು ಮುಂಬೈಯಿಂದ ಟೆಂಪೋದಲ್ಲಿ ಬಂತು,
ಚಾದರ ಸುತ್ತಿ, ಹಗ್ಗ ಬಿಗಿದು, ಹೆಣದ ಹಾಗೆ.
ಮೈಮೇಲೆಲ್ಲ ಜಪಾನಿ ಅಕ್ಷರ. ನಮ್ಮೂರಲ್ಲಿ
ಒಬ್ಬನನ್ನು ಬೈಯಲು ನಾಲ್ಕು ಭಾಷೆ ಇದ್ದವು,
ಅದನ್ನು ಓದಲು ಒಂದೂ ಇರಲಿಲ್ಲ.
ಹೆಸರು ನಾವೇ ಇಟ್ಟೆವು: ಕೊಡಲಿ ಕಾಕಾ,
ಸರಪಳಿ ಬೀಸುವವಳು ಚೈನ್ ಅಕ್ಕ,
ಕೋಲಿನ ಮುದುಕ, ಯಾಕೋ ಗೊತ್ತಿಲ್ಲ, ಪೋಸ್ಟ್‌ಮಾಸ್ತರ.

ಅಲ್ಲಿಯ ತನಕ ಆಟದೊಳಗಿನ ಮಂದಿ
ಗೋಡೆಗೆ ಅಂಟಿಸಿದ ಪೋಸ್ಟರು.
ಮುಂದೆ, ಹಿಂದೆ, ಒಂದು ಜಿಗಿತ, ಅಷ್ಟೇ.
ಇವರಿಗೆ ಬೆನ್ನಿತ್ತು. ಬಗಲಿತ್ತು.
ಇವರು ಸುತ್ತು ಹಾಕಿದರೆ ಹಿಂದಿನ ಸಮುದ್ರವೂ ಸುತ್ತು ಹಾಕುತ್ತಿತ್ತು.
ಮೊದಲ ವಾರ ಯಾರೂ ನೆಟ್ಟಗೆ ಬಡಿದಾಡಲಿಲ್ಲ,
ಎತ್ತು ಕೊಳ್ಳಲು ಬಂದವರ ಹಾಗೆ
ಸುತ್ತಿ ಸುತ್ತಿ ನೋಡಿದರು.

ಗಿರಣಿ ನಿಂತ ಎರಡನೇ ವರ್ಷ ಅದು.
ಮಧ್ಯಾಹ್ನ ಮೂರಕ್ಕೆ, ಪಾಳಿ ಬದಲಾಗುವ ಹೊತ್ತಿಗೆ,
ಚನಮಲ್ಲಪ್ಪ ಬೂದಿಹಾಳ ಬರುತ್ತಿದ್ದ.
ಭೋಂಗಾ ಕೂಗುತ್ತಿರಲಿಲ್ಲ,
ಅವನ ಕಾಲಿಗೆ ಮಾತ್ರ ಕೇಳಿಸುತ್ತಿತ್ತು.
ಆಡುತ್ತಿರಲಿಲ್ಲ. ಯಂತ್ರಕ್ಕೆ ಒರಗಿ ನಿಂತು
ಗಾಜಿನ ಅಂಚಿನಿಂದ ಇಣುಕುತ್ತಿದ್ದ,
ಆ ಕಡೆಯಿಂದ ಕತ್ತಿಯವನ ಪಕ್ಕೆ ಕಂಡೀತೋ ಎಂದು.

ಒಂದು ದಿನ ಅಂದ:
'ಇವಗ ಬೆರಳಽ ಇಲ್ಲಲ್ಲೋ ತಮ್ಮಾ.'
ಹೌದು. ಮುಷ್ಟಿ ಅಂದರೆ ಒಂದು ಡಬ್ಬಿ,
ಬೆರಳಿನ ಗೆರೆ ಮೇಲೆ ಬಣ್ಣದಲ್ಲಿ ಎಳೆದದ್ದು.
'ಅಡ್ಡಿಯಿಲ್ಲ. ಪಟಾ ತೊಟ್ಟಾಗೂ ಹಿಂಗಽ.
ಮೊಣಕೈ ತನಕಾ ಕಬ್ಬಿಣ. ಒಳಗ ಎಷ್ಟು ಬೆರಳದಾವು,
ಎದುರಿನವಗ ಏನ ಗೊತ್ತು.'
ಅವನ ಬಲಗೈಯಲ್ಲಿ ಮೂರಿದ್ದವು.
ಉಳಿದೆರಡು ಮಗ್ಗದ ಲೆಕ್ಕಕ್ಕೆ.

ಕೈಸರ್ ನಮಾಜಿಗೆ ಹೋದಾಗ ಬಿಲ್ಲೆ ನಾನೇ ಹಾಕಿದೆ.

ಆ ಆಟದ ಕರಾರು ಹೀಗೆ:
ಒಂದೊಂದು ಏಟು ತಡೆದಾಗಲೂ ನಿನ್ನ ಕತ್ತಿ ಸವೆಯುತ್ತದೆ.
ಕೆಳಗೊಂದು ಹಳದಿ ಗೆರೆ ಕರಗುತ್ತ ಬಂದು
ಮುಗಿಯಿತೋ, ಕತ್ತಿ ಎರಡು ತುಂಡು, ನೀನು ಬರಿಗೈ.
ಹುಡುಗರು ಹೊಡೆಯಲು ಕಲಿತಿದ್ದರು, ಜಾಣರು ತಡೆಯಲು.
ಚನಮಲ್ಲಪ್ಪ ಸರಿದ.
ಕೊಡಲಿ ನೆಲಕ್ಕೆ ಬಿತ್ತು, ಇವನು ಅಲ್ಲಿರಲಿಲ್ಲ.
ಮತ್ತೆ ಸರಿದ. ಗೋಡೆಯಿಲ್ಲದ ಕಲ್ಲುಕಟ್ಟೆ,
ಅಂಚಿನಾಚೆ ನೀಲಿ ಚೌಕಗಳ ಸಮುದ್ರ.
ಕಾಕಾ ಓಡಿ ಬಂದ.
ಬಾಗಿಲಲ್ಲಿ ಬೀಗರಿಗೆ ದಾರಿ ಬಿಟ್ಟ ಹಾಗೆ
ಇವನು ಮಗ್ಗುಲಿಗೆ ಒಂದು ಹೆಜ್ಜೆ.
ನೀರು.
ಹೀಗೆ ಒಂಬತ್ತು ಮಂದಿ
ತಾವಾಗಿಯೇ ಹೋಗಿ ಬಿದ್ದರು.
ಹಳದಿ ಗೆರೆ ಕೂದಲಷ್ಟೂ ಕರಗಿರಲಿಲ್ಲ.
ಸೋಡಾ ಕುಡಿಯಲು ಬಂದವರು ಗ್ಲಾಸು ಹಿಡಿದೇ
ಪರದೆಯ ಒಳಗೆ ಬಂದು ನಿಂತಿದ್ದರು.

ಆಮೇಲೆ ಯಂತ್ರ ಹೆಸರು ಕೇಳಿತು.
ಮೂರೇ ಅಕ್ಷರ, ಇಂಗ್ಲಿಷಿನಲ್ಲಿ.
'ಏನಂತದ?'
'ಹೆಸರ ಬರಿ ಅಂತದ ರೀ.'
'ಮಸ್ಟರಿನಾಗ ಇತ್ತಲ್ಲೋ, ಇಪ್ಪತ್ತಾರು ವರ್ಷ'
ಅಂದವನು ಕೈ ತೆಗೆದ.
ಎಣಿಕೆ ಹತ್ತರಿಂದ ಸೊನ್ನೆಗೆ ಇಳಿಯಿತು,
ಯಂತ್ರ ತಾನೇ ಬರೆದುಕೊಂಡಿತು: ಎ ಎ ಎ.
ಓಣಿಯಲ್ಲಿ ಯಾರನ್ನೋ ಕೂಗಿದ ಹಾಗಿತ್ತು.

ಮರುದಿನ ಬರಲಿಲ್ಲ. ಪಂಢರಪುರದ ಕಡೆ
ಯಾವುದೋ ಸಕ್ಕರೆ ಕಾರ್ಖಾನೆಯಲ್ಲಿ
ರಾತ್ರಿ ಕಾವಲು ಸಿಕ್ಕಿತಂತೆ.
ಆ ಮೂರು ಅಕ್ಷರ ಕೆಳಗಿಳಿಸಲು ಹುಡುಗರು
ಬಿಲ್ಲೆ ಸುರಿದರು. ದೀಪಾವಳಿಯ ರೊಕ್ಕವೆಲ್ಲ ಹೋಯಿತು.
ಫೆಬ್ರವರಿಯಲ್ಲಿ ಒಬ್ಬ ಇಳಿಸಿಯೂಬಿಟ್ಟ.

ಏಪ್ರಿಲ್ಲಿಗೆ ಲೋಡ್ ಶೆಡ್ಡಿಂಗು.
ಕರೆಂಟು ಹೋಗಿ ಬಂದರೆ ಯಂತ್ರಕ್ಕೆ ಯಾರ ನೆನಪೂ ಇಲ್ಲ.
ಜಪಾನಿನಲ್ಲೇ ತುಂಬಿ ಕಳಿಸಿದ್ದ ಹತ್ತು ಸಾಲಿನ ಪಟ್ಟಿ
ಹೊಸದಾಗಿ ಮೇಲೇಳುತ್ತಿತ್ತು.
ಹತ್ತಕ್ಕೆ ಹತ್ತೂ: ಎ ಎ ಎ.
'ಎಲ್ಲಾ ಅಳಿಸಿ ಹೋತು' ಎಂದು
ಗೆದ್ದ ಹುಡುಗ ಅಳುವುದೊಂದು ಬಾಕಿ.
ನಾನು ಬಿಲ್ಲೆ ಎಣಿಸುತ್ತಿದ್ದವನು
ಮೇಲಿಂದ ಕೆಳಗೆ ಓದಿದೆ, ಮತ್ತೆ ಕೆಳಗಿಂದ ಮೇಲೆ.
ಏನೂ ಹೇಳಲಿಲ್ಲ. ಗಂಟೆ ಮೂರಾಗಿತ್ತು.

ಯಂತ್ರದ ಎಡ ಮಗ್ಗುಲಲ್ಲಿ, ಭುಜದ ಎತ್ತರಕ್ಕೆ,
ಬಣ್ಣ ಒಂದು ಅಂಗೈಯಷ್ಟು ಸವೆದಿತ್ತು.